ಸಾಲಿನ ಮೊದಲೆರಡು ಪದ

ಹಸೀನಾ ನದಾಫಳ ಮೂರನೆಯ ಅಧ್ಯಾಯ ನಾಲ್ಕನೆಯ ಸಲವೂ ಕೆಂಪಾಗಿಯೇ ಹಿಂತಿರುಗಿತು.

ಆ ವಿಶ್ವವಿದ್ಯಾಲಯದಲ್ಲಿ ಹೀಗೆ ಅಧ್ಯಾಯಗಳು ಬಣ್ಣ ಹೊತ್ತು ಬರತೊಡಗಿ ಆಗಲೇ ಎರಡು ವರ್ಷವಾಗಿತ್ತು. ಅದಕ್ಕೆ ಮೊದಲು ಅಲ್ಲಿಯೂ ಸಂಶೋಧನಾ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಬರೆದದ್ದನ್ನು ಗೈಡ್ ಮೇಜಿನ ಮೇಲಿಟ್ಟು ಕಾಯುತ್ತಿದ್ದರು. ಕಾದ ಮೇಲೆ ‘ಚೆನ್ನಾಗಿದೆ’ ಎಂದೋ ‘ಇನ್ನಷ್ಟು ತಿದ್ದಬೇಕು’ ಎಂದೋ ಬರುತ್ತಿತ್ತು. ಎಲ್ಲಿ ಚೆನ್ನಾಗಿದೆ, ಏನನ್ನು ತಿದ್ದಬೇಕು ಎಂದು ಕೇಳುವ ಧೈರ್ಯ ಹೆಚ್ಚಿನವರಿಗೆ ಇರಲಿಲ್ಲ. ಗೈಡ್ ಪುಟ ತೆರೆದಿದ್ದಾರೋ ಇಲ್ಲವೋ ತಿಳಿಯಲೆಂದು ಹಾಳೆಗಳ ನಡುವೆ ಕೂದಲೆಳೆ ಇಟ್ಟು ಕೊಟ್ಟವರೂ ಇದ್ದರು.

ಈ ಗೋಳಿಗೆ ಮದ್ದೆಂದು ಬಂದದ್ದು ಓದುಗನ್ನಡಕ. ಅದರ ಚೌಕಟ್ಟಿನಲ್ಲಿ ಕಣ್ಣಿನ ಓಟವನ್ನು ಗಮನಿಸುವ ಎರಡು ಪುಟ್ಟ ಕ್ಯಾಮೆರಾಗಳಿದ್ದವು. ಕಿವಿಯ ಹಿಂದೆ ಕೂರುವ ತುದಿಗಳು ಮಿದುಳಿನ ತೀರ ಸಣ್ಣ ವಿದ್ಯುತ್ ಮಿಡಿತಗಳನ್ನು ಹಿಡಿಯುತ್ತಿದ್ದವು. ಎರಡನ್ನೂ ಕೂಡಿಸಿ ಯಂತ್ರ ಒಂದು ನಕ್ಷೆ ತಯಾರಿಸುತ್ತಿತ್ತು. ಓದು ಸರಾಗವಾಗಿ ಸಾಗಿದ ಪ್ಯಾರಾಗಳಿಗೆ ಹಸಿರು, ಕಣ್ಣು ಎಡವಿ ಹಿಂದೆ ಹೋಗಿ ಮತ್ತೆ ಓದಿದಲ್ಲಿ ಕೆಂಪು, ಕಣ್ಣು ಮಾತ್ರ ಓಡಿ ಮನಸ್ಸು ಬೇರೆಲ್ಲೋ ಇದ್ದರೆ ಬೂದು. ಓದುವವರಿಗೆ ನಿಜವಾಗಿ ಖುಷಿಯಾದ ಕಡೆ ಒಂದು ಹಳದಿ ಚುಕ್ಕೆ. ಗೈಡ್ ಬಾಯಿಬಿಟ್ಟು ಏನನ್ನೂ ಹೇಳದಿದ್ದರೂ ವಿದ್ಯಾರ್ಥಿಗೆ ತನ್ನ ಬರಹದ ಗತಿ ತಿಳಿಯುತ್ತಿತ್ತು.

ಮೊದಲ ಆರು ತಿಂಗಳು ಕ್ಯಾಂಪಸ್ಸಿನಲ್ಲಿ ಇದೇ ಮಾತು. ಹಿರಿಯ ಪ್ರಾಧ್ಯಾಪಕರೊಬ್ಬರ ನಕ್ಷೆಯಲ್ಲಿ ಇಪ್ಪತ್ತು ಪುಟ ಬೂದು ಬಂದು, ಅವರಿಗೆ ನಿದ್ದೆ ಹತ್ತಿದ ನಿಮಿಷವೂ ನಮೂದಾಗಿತ್ತು. ಇನ್ನೊಬ್ಬರು ಕನ್ನಡಕವನ್ನು ಹೆಂಡತಿಗೆ ಹಾಕಿ ಕೂರಿಸಿದ್ದರು. ಆಕೆ ಶ್ರದ್ಧೆಯಿಂದ ಓದಿ ಗಂಡನಿಗಿಂತ ಚೆಂದದ ನಕ್ಷೆ ಕೊಟ್ಟದ್ದರಿಂದ ಸಿಕ್ಕಿಬಿದ್ದರು. ತಮ್ಮ ಪುಟಗಳ ಮೇಲೆ ಬೂದು ಕಂಡು ಊಟ ಬಿಟ್ಟ ವಿದ್ಯಾರ್ಥಿಗಳಿದ್ದರು. ಒಂದೇ ಒಂದು ಹಳದಿ ಚುಕ್ಕೆ ಸಿಕ್ಕರೆ ಅದನ್ನು ಫೋನಿನಲ್ಲಿಟ್ಟುಕೊಂಡು ಹಾಸ್ಟೆಲಿಡೀ ತೋರಿಸುತ್ತ ತಿರುಗುವವರೂ ಇದ್ದರು.

ಹಸೀನಾಳ ಗೈಡ್ ಡಾ. ಗಿರಿಜಾ ಕಟಗೇರಿಯವರ ನಕ್ಷೆಯಲ್ಲಿ ಮಾತ್ರ ಬೂದು ಬಣ್ಣ ಯಾರಿಗೂ ಕಂಡಿರಲಿಲ್ಲ. ಐವತ್ತೇಳು ವರ್ಷದ ಸಸ್ಯವಿಜ್ಞಾನಿ. ಮಾತು ಕಡಿಮೆ, ಕೊಟ್ಟದ್ದನ್ನೆಲ್ಲ ಓದುವವರು. ಎರೆಮಣ್ಣಿನಲ್ಲಿ ಕುಸುಬಿಯ ಬೇರು ಎಷ್ಟು ಆಳಕ್ಕಿಳಿದು ನೀರು ಹೀರುತ್ತದೆ, ಯಾವ ತಳಿ ಹೆಚ್ಚು ಇಳಿಯುತ್ತದೆ ಎಂಬುದು ಹಸೀನಾಳ ವಿಷಯ. ಅವಳ ಮೊದಲ ಅಧ್ಯಾಯ ಬಹುಪಾಲು ಹಸಿರಾಗಿ ಬಂದಿತ್ತು, ಮೂರು ಹಳದಿ ಚುಕ್ಕೆಗಳೂ ಇದ್ದವು. ಎರಡನೆಯದರಲ್ಲಿ ಅಲ್ಲಲ್ಲಿ ಕೆಂಪು. ಮೂರನೆಯದು ಪೂರಾ ಕೆಂಪು.

ಅವಳು ಉದ್ದ ವಾಕ್ಯಗಳನ್ನು ಮುರಿದಳು. ಪಾರಿಭಾಷಿಕ ಪದಗಳನ್ನು ತೆಗೆದಳು. ಪುಟಗಳನ್ನೇ ಎಸೆದು ಹೊಸದಾಗಿ ಬರೆದಳು. ಪ್ರತಿ ಸಲವೂ ಅದೇ ಕೆಂಪು.

“ವಿಷಯ ಚಲೋ ಅದ,” ಎಂದರು ಗಿರಿಜಾ ಮೇಡಂ ನಾಲ್ಕನೆಯ ಸಲ, ಹಣೆ ಒತ್ತಿಕೊಳ್ಳುತ್ತ. “ಯಾಕೋ ಏನೋ, ನನಗ ಸರಳ ಓದಾಕ ಬರವಲ್ದು. ಇನ್ನೊಂದ್ ಸಲ ನೋಡು.”

ಪ್ರಬಂಧ ಸಲ್ಲಿಸಲು ಉಳಿದದ್ದು ಎರಡೂವರೆ ತಿಂಗಳು.

ಹಸೀನಾ ಮನೆಗೆ ಬಂದಾಗ ಅವಳ ಅಪ್ಪ ಇಮಾಮಸಾಬ ಅಂಗಳದಲ್ಲಿ ಗಾದಿ ಹೊಲಿಯುತ್ತ ಕೂತಿದ್ದ. ಹತ್ತಿಯ ಎಳೆ ಅವನ ಮೀಸೆಗೆಲ್ಲ ಹತ್ತಿತ್ತು. ಮಗಳು ಬ್ಯಾಗನ್ನು ಮೂಲೆಗೆ ಎಸೆದದ್ದು ನೋಡಿ ದಬ್ಬಣ ಕೆಳಗಿಟ್ಟ.

“ಏನಾತವ್ವಾ? ಮಾರಿ ಯಾಕ ಸಣ್ಣ ಮಾಡೀದಿ?”

“ನಂಗ ಬರಿಯಾಕ ಬರೂದಿಲ್ಲಪ್ಪಾ. ನಾಕ್ ಸಲ ಬರದ್ರೂ ಮೇಡಮ್ಮಾರು ಎಡವಾಕತ್ತಾರ. ಅವರಷ್ಟು ಮನಸ್ಸಿಟ್ಟು ಓದವ್ರೇ ಇಲ್ಲ. ಅವರಿಗೇ ತಿಳಿಯಂಗಿಲ್ಲ ಅಂದ್ರ ತಪ್ಪು ನಂದ ಐತಿ. ಬಿಟ್ಟಬಿಡ್ತೀನಿ.”

ಇಮಾಮಸಾಬ ಓದಿದ್ದು ನಾಲ್ಕನೆಯ ಇಯತ್ತೆ. ಮಗಳ ಕುಸುಬಿ ಬೇರು ಅವನಿಗೆ ಅರ್ಥವಾಗುತ್ತಿತ್ತು, ಅಧ್ಯಾಯ ಎಂದರೆ ಆಗುತ್ತಿರಲಿಲ್ಲ. ಮೀಸೆಯ ಹತ್ತಿ ಕೊಡವಿಕೊಂಡು ಹೇಳಿದ:

“ಹೋದ ವರ್ಷ ಪೋಸ್ಟ್ ಮಾಸ್ತರು ಒಂದ್ ಗಾದಿ ತಂದಿದ್ರಲ್ಲ, ಬೆನ್ನಿಗೆ ಒತ್ತತೈತಿ ಅಂತ? ಮೂರ್ ಸಲ ಬಿಚ್ಚಿ ಹೊಲಿದೆ. ಮೂರ್ ಸಲಾನೂ ಹೊಳ್ಳಿ ತಂದ್ರು. ಕಡೀಕ ಅವರ ಮನಿಗೇ ಹೋಗಿ ನೋಡಿದ್ರ, ಮಂಚದ ಹಲಗಿ ಒಂದು ಎದ್ದು ನಿಂತಿತ್ತು.”

“ಅಂದ್ರ ಮೇಡಮ್ಮಾರದ್ದ ತಪ್ಪು ಅಂತೀಯೇನು?”

“ನಾ ಯಾರ ತಪ್ಪೂ ಅನ್ನಂಗಿಲ್ಲವ್ವಾ. ಬಿಚ್ಚಿ ಹೊಲಿಯೂದು ನಿಲ್ಲಸು. ಅವರು ಎಲ್ಲಿ ಎಡವತಾರೋ ಅಲ್ಲಿ ಹೋಗಿ ನೋಡು ಅಂದೆ, ಅಷ್ಟ.”

ಮರುದಿನ ಬೆಳಿಗ್ಗೆ ಹಸೀನಾ ಓದು ಕೇಂದ್ರಕ್ಕೆ ಹೋದಳು. ಗ್ರಂಥಾಲಯದ ಹಿಂಭಾಗದ ತಂಪು ಕೋಣೆ ಅದು. ಎಲ್ಲ ಕನ್ನಡಕಗಳ ಮಾಹಿತಿ ಅಲ್ಲಿನ ಯಂತ್ರಗಳಿಗೆ ಬಂದು ಸೇರುತ್ತಿತ್ತು. ನೋಡಿಕೊಳ್ಳುತ್ತಿದ್ದವಳು ಶಶಿಕಲಾ ತಳವಾರ ಎಂಬ ತಂತ್ರಜ್ಞೆ. ವಿದ್ಯಾರ್ಥಿಗಳ ಕೈಗೆ ಪ್ಯಾರಾಗಳ ಬಣ್ಣವಷ್ಟೇ ಸಿಗುತ್ತಿತ್ತು. ಕಣ್ಣು ಯಾವ ಸಾಲಿನ ಯಾವ ಪದದ ಮೇಲೆ ಎಷ್ಟು ಹೊತ್ತು ನಿಂತಿತು ಎಂಬ ಮೂಲ ವಿವರ ಕೇಂದ್ರದಲ್ಲಿರುತ್ತಿತ್ತು. ತಮ್ಮ ಪ್ರಬಂಧದ ವಿವರವನ್ನು ಕೇಳಿ ಪಡೆಯಬಹುದೆಂಬ ನಿಯಮವೇನೋ ಇತ್ತು.

“ಇಷ್ಟ್ ದಿನದಾಗ ಇದನ್ನ ಕೇಳಿದಾಕಿ ನೀನ ಮೊದಲನೇದಾಕಿ ನೋಡು ತಂಗಿ,” ಎಂದಳು ಶಶಿಕಲಾ, ಕಡತ ತೆರೆಯುತ್ತ. ತೆರೆದವಳು ಹುಬ್ಬೇರಿಸಿದಳು. “ಅಲ್ಲಾ, ಉಳದ ಗೈಡುಗೋಳು ಒಂದ್ ಅಧ್ಯಾಯಕ್ಕ ಮುಕ್ಕಾಲು ತಾಸು, ಭಾಳಾದ್ರ ಒಂದ್ ತಾಸು ಕೊಡ್ತಾರ. ನಿಮ್ಮ ಮೇಡಮ್ಮಾರು ಈ ಮೂರನೇದ್ದು ಓದಾಕ ಮೂವತ್ತೊಂದ್ ತಾಸು ಕೂತಾರ!”

“ಮೂವತ್ತೊಂದಾ?”

“ನಾಕೂ ಸಲದ್ದು ಕೂಡಿ. ಒಂದ್ ಸಾಲೂ ಬಿಟ್ಟಿಲ್ಲ.”

ಹಸೀನಾ ಕುರ್ಚಿ ಎಳೆದುಕೊಂಡು ಕೂತಳು. ಆ ವಾರವೆಲ್ಲ ಅವಳು ಅಲ್ಲಿಂದ ಏಳಲಿಲ್ಲ ಎಂದರೂ ಸರಿ. ಬೇರುಗಳನ್ನು ಅಳೆದು ರೂಢಿಯಿದ್ದವಳು ಈಗ ಎಡವಿದ ಜಾಗಗಳನ್ನು ಅಳೆಯತೊಡಗಿದಳು. ಕಷ್ಟದ ವಾಕ್ಯಗಳಲ್ಲಿ ಹೆಚ್ಚು ಎಡವಿರಬೇಕೆಂದು ಅವಳ ಎಣಿಕೆ. ಹಾಗಿರಲಿಲ್ಲ. ‘ಬೀಜಗಳನ್ನು ಬಿತ್ತಲಾಯಿತು’ ಎಂಬಂಥ ಸರಳ ವಾಕ್ಯದಲ್ಲೂ ಅಷ್ಟೇ ಕೆಂಪು. ಆದರೆ ಪುಟದ ನಡುವೆ ಅಚ್ಚಾಗಿದ್ದ ಚಿಕ್ಕ ಚಿಕ್ಕ ಶೀರ್ಷಿಕೆಗಳು ಹೆಚ್ಚುಕಡಿಮೆ ಹಸಿರು. ಶಶಿಕಲಾ ತಾನೇ ಕನ್ನಡಕ ಹಾಕಿಕೊಂಡು ಅಧ್ಯಾಯ ಓದಿದಳು; ಮೂರು ಕಡೆ ಬಿಟ್ಟರೆ ಉಳಿದದ್ದೆಲ್ಲ ಹಸಿರು.

ಕೊನೆಗೆ ಹಸೀನಾ ಪ್ರತಿ ಸಾಲನ್ನೂ ಹತ್ತು ಭಾಗ ಮಾಡಿ, ಯಾವ ಭಾಗದಲ್ಲಿ ಎಷ್ಟು ಸಲ ಎಡವಿದ್ದಾರೆಂದು ಗ್ರಾಫ್ ಎಳೆದಳು. ಎಡತುದಿಯಲ್ಲಿ ಎತ್ತರದ ಗೋಪುರ ಎದ್ದು ನಿಂತಿತು. ಉಳಿದದ್ದೆಲ್ಲ ಸಮತಟ್ಟು. ಮೇಡಂ ಎಡವುತ್ತಿದ್ದದ್ದು ಪ್ರತಿ ಸಾಲಿನ ಮೊದಲೆರಡು ಪದಗಳಲ್ಲಿ ಮಾತ್ರ.

ಶಶಿಕಲಾ ಒಂದು ಸಾಲಿನ ಕಣ್ಣೋಟವನ್ನು ನಿಧಾನಗೊಳಿಸಿ ತೆರೆಯ ಮೇಲೆ ಬಿಟ್ಟಳು. ಸಾಲು ಮುಗಿಸಿದ ಕಣ್ಣು ಮುಂದಿನ ಸಾಲಿನ ಆರಂಭಕ್ಕೆ ಹಾರಬೇಕು. ಅದು ಆರಂಭ ತಲುಪದೆ ಮಧ್ಯದಲ್ಲೇ ಇಳಿಯುತ್ತಿತ್ತು. ಅಲ್ಲಿಂದ ಓದಿದರೆ ಅರ್ಥ ಹೊಂದದೆ, ಒಂದೊಂದೇ ಪುಟ್ಟ ಹೆಜ್ಜೆಯಿಟ್ಟು ಎಡಕ್ಕೆ ತಡವುತ್ತ ಹೋಗಿ ಮೊದಲ ಪದ ಹುಡುಕುತ್ತಿತ್ತು. ಪ್ರತಿ ಸಾಲಿನಲ್ಲಿ ಇದೇ ಪಾಡು. ಹಳೆಯ ಕಡತ ತೆಗೆದರೆ, ಮೊದಲ ಅಧ್ಯಾಯದಲ್ಲೂ ಇದರ ಸಣ್ಣ ಗುರುತಿತ್ತು. ತಿಂಗಳಿಂದ ತಿಂಗಳಿಗೆ ಅದು ಬೆಳೆದಿತ್ತು.

ಶಶಿಕಲಾಳ ಮುಖ ಬದಲಾಯಿತು. “ನಾ ಡಾಕ್ಟರ್ ಅಲ್ಲ. ಆದ್ರ ನಮ್ಮ ಮಾವಗ ಲಕ್ವಾ ಹೊಡದಾಗ ಹಿಂಗ ಆಗಿತ್ತು. ಕಣ್ಣು ಸುದ್ದ ಇದ್ದೂ ಎಡಗಡಿ ಇದ್ದದ್ದು ಕಾಣತಿರಲಿಲ್ಲ. ಕಾಣವಲ್ದು ಅಂತ ಅವರಿಗೇ ಗೊತ್ತಿರಲಿಲ್ಲ. ಮಿದುಳು ಆ ಜಾಗಾ ಖಾಲಿ ಬಿಡಂಗಿಲ್ಲಂತ, ತಾನ ಏನರ ತುಂಬಿಬಿಡತೈತಂತ.”

ಹಸೀನಾಳಿಗೆ ಮೊದಲು ಆದದ್ದು ಸಮಾಧಾನ: ತನ್ನ ಬರಹದಲ್ಲಿ ತಪ್ಪಿರಲಿಲ್ಲ. ಆ ಸಮಾಧಾನಕ್ಕೆ ಅವಳಿಗೆ ತಕ್ಷಣವೇ ನಾಚಿಕೆಯಾಯಿತು.

“ನೀನ ಹೇಳಬೇಕವ್ವಾ,” ಎಂದಳು ಶಶಿಕಲಾ. “ನಾ ಹೇಳಿದ್ರ ಯಂತ್ರದ ದೋಷ ಅಂತಾರ.”

ಭಾನುವಾರ ಮಧ್ಯಾಹ್ನ ಹಸೀನಾ ಗ್ರಾಫನ್ನು ಹಿಡಿದು ಗಿರಿಜಾ ಮೇಡಂ ಮನೆಗೆ ಹೋದಳು. ಬಾಗಿಲು ತೆಗೆದವರು ಅವರ ಪತಿ ಮಲ್ಲೇಶಪ್ಪ, ನಿವೃತ್ತ ಚಿತ್ರಕಲಾ ಶಿಕ್ಷಕರು. ಆಗಷ್ಟೇ ಊಟ ಮುಗಿದಿತ್ತು. “ಬಾ ಬಾ, ಒಂದ್ ರೊಟ್ಟಿ ತಿಂದ್ ಹೋಗು,” ಎಂದು ಒತ್ತಾಯ ಮಾಡಿದರು. ಹಸೀನಾ ಬೇಡವೆಂದು ಕೈಮುಗಿದಳು.

ಗಿರಿಜಾ ಮೇಡಂ ಒಳಗಿಂದ ಬಂದರು. ಬರುವಾಗ ಎಡ ಭುಜ ಬಾಗಿಲ ಚೌಕಟ್ಟಿಗೆ ತಾಗಿತು. ಅವರು ಅದನ್ನು ಲೆಕ್ಕಿಸಲಿಲ್ಲ.

“ಏನು, ಅಧ್ಯಾಯ ತಂದಿಯೇನು?”

“ಇಲ್ರೀ ಮೇಡಂ. ಒಂದು ಗ್ರಾಫ್ ತಂದೀನ್ರಿ.” ಅವಳು ದಾರಿಯಲ್ಲಿ ಕೂಡಿಸಿಕೊಂಡ ಮಾತುಗಳೆಲ್ಲ ಮರೆತುಹೋಗಿದ್ದವು. “ನೀವು ನನ್ನ ಅಧ್ಯಾಯದಾಗ ಎಲ್ಲಿ ಎಡವತೀರಿ ಅಂತ ನೋಡಿದೇನ್ರಿ. ತಪ್ಪು ತಿಳಕೋಬ್ಯಾಡ್ರಿ. ಇದು ವಾಕ್ಯದ ತೊಂದರಿ ಅಲ್ಲ ಅನಸ್ತದ್ರಿ.”

“ಮತ್ಯಾತರ ತೊಂದರಿ?”

ಹಸೀನಾ ನೆಲ ನೋಡಿದಳು. “ನಿಮಗ ಎಡಗಡೀದು ಕಾಣಸವಲ್ದು ಅನಸ್ತದ್ರಿ.”

ಗಿರಿಜಾ ಮೇಡಂ ಮುಖ ಬಿಗಿಯಿತು. “ನನ್ನ ಕಣ್ಣು ಪರೀಕ್ಷಾ ಮಾಡಂತ ನಿನಗ ಹೇಳಿದ್ನೇನು? ಹೋದ ತಿಂಗಳ ಕಣ್ಣಿನ ಡಾಕ್ಟರ್‌ಗೆ ತೋರಿಸೀನಿ. ನಂಬರ್ ಏನೂ ಬದಲಾಗಿಲ್ಲ. ವಯಸ್ಸಾಗೇದ, ಓದೂದು ನಿಧಾನ ಆಗೇದ, ಅಷ್ಟ. ಬರವಣಿಗಿ ತಿದ್ದಂದ್ರ ಗೈಡನ್ನ ತಿದ್ದಾಕ ಬಂದೀಯಲ್ಲ!”

ಹಸೀನಾಳ ಕಣ್ಣು ತುಂಬಿತು. ಆದರೂ ಎದ್ದು ಹೋಗಲಿಲ್ಲ. ಕಾಗದವನ್ನು ಮೇಜಿನ ಮೇಲೆ ಅವರ ಮುಂದೆ ಸರಿಸಿದಳು. ಅದನ್ನು ನೋಡದಿರಲು ಗಿರಿಜಾ ಮೇಡಂಗೂ ಆಗಲಿಲ್ಲ. ಮೂವತ್ತು ವರ್ಷದ ಅಭ್ಯಾಸ; ಮುಂದೆ ಗ್ರಾಫ್ ಬಂದರೆ ಕೈ ತಾನಾಗಿ ಅದರತ್ತ ಹೋಗುತ್ತಿತ್ತು.

“ಎಷ್ಟು ಸಾಲು ತಗೊಂಡೀ?” ಎಂದರು, ಸಿಟ್ಟು ಇಳಿಯದ ದನಿಯಲ್ಲೇ.

“ಎರಡು ಸಾವಿರದ ನೂರಾ ಹದಿನೆಂಟು ರೀ.”

“ಹೋಲಿಸಾಕ ಬ್ಯಾರೆ ಓದುಗರು?”

“ಓದು ಕೇಂದ್ರದ ಶಶಿಕಲಾ ಅಕ್ಕಾರು ರೀ. ಅವರಿಗೆ ಹಿಂಗ ಬಂದಿಲ್ಲ.”

ಗಿರಿಜಾ ಮೇಡಂ ಬೆರಳಿನಿಂದ ಗ್ರಾಫಿನ ಮೇಲೆ ಮೆಲ್ಲಗೆ ಸವರಿದರು. “ಅಡ್ಡ ಅಕ್ಷಕ್ಕ ಹೆಸರು ಬರದೀ, ಸರಿ. ಲಂಬ ಅಕ್ಷಕ್ಕ ಏನೂ ಬರದೇ ಇಲ್ಲ. ಏನು ಅಳದೀ ಅಂತ ಓದವರಿಗೆ ಹೆಂಗ ತಿಳೀಬೇಕು? ಎಷ್ಟ್ ಸಲ ಹೇಳೀನಿ ನಿನಗ, ಹೆಸರಿಲ್ಲದ ಅಕ್ಷ…”

ಹಸೀನಾ ಬಹಳ ಮೆಲ್ಲಗೆ ಹೇಳಿದಳು. “ಬರದೀನ್ರೀ ಮೇಡಂ. ಎಡಗಡಿ ಐತ್ರಿ.”

ಗಿರಿಜಾ ಮೇಡಂ ಕುತ್ತಿಗೆಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದರು. ಕಾಗದದ ಅಂಚಿನಲ್ಲಿ ದಪ್ಪ ಅಕ್ಷರಗಳಲ್ಲಿ ‘ಎಡವಿದ ಸಲ’ ಎಂದಿತ್ತು. ಅದರ ಪಕ್ಕದಲ್ಲೇ ಆ ಎತ್ತರದ ಗೋಪುರ. ಅವರು ತಲೆಯನ್ನು ನೇರ ಮಾಡಿದರು, ಮತ್ತೆ ತಿರುಗಿಸಿದರು. ಮೂರು ಸಲ ಹಾಗೆ ಮಾಡಿ ನೋಡಿದರು.

ಬಾಗಿಲ ಬಳಿ ನಿಂತಿದ್ದ ಮಲ್ಲೇಶಪ್ಪ ಮೊದಲು ಮಾತಾಡಿದರು. “ನಾಕ್ ತಿಂಗಳಾತು, ತಾಟಿನ ಎಡಕ್ಕ ಹಾಕಿದ ಶೇಂಗಾ ಚಟ್ನಿ ಹಂಗ ಉಳೀತದ. ನಾ ಮಾಡಿದ್ದು ನಿನಗ ಸೇರವಲ್ದು ಅಂತ ತಿಳಕೊಂಡಿದ್ನಲ್ಲ, ಗಿರಿಜಾ.”

ಗಿರಿಜಾ ಮೇಡಂ ಗಂಡನನ್ನು ನೋಡಿದರು, ಆಮೇಲೆ ವಿದ್ಯಾರ್ಥಿನಿಯನ್ನು. ಅವರ ದನಿಯಲ್ಲಿ ಈಗ ಗಡಸು ಇರಲಿಲ್ಲ. “ನನಗ ಬುದ್ಧಿನೇ ಮಂದ ಆಗಾಕತ್ತದ ಅಂತ ಹೆದರಿದ್ದೆ ಹಸೀನಾ. ಯಾರಿಗೂ ಹೇಳಿರಲಿಲ್ಲ. ಮೊದಲ ಒಂದ್ ಸಲ ಓದಿದ್ರ ತಿಳೀತಿತ್ತು, ಈಗ ಆರ್ ಸಲ ಓದಿದ್ರೂ ತಿಳೀವಲ್ದಲ್ಲ ಅಂತ. ಸ್ಕೇಲು ಇಟಗೊಂಡು, ಬಟ್ಟು ಇಟಗೊಂಡು ಓದತಿದ್ದೆ.” ಗ್ರಾಫನ್ನು ಮಡಿಚಿ ಕೈಯಲ್ಲಿ ಹಿಡಿದುಕೊಂಡರು. “ಕೆಲಸ ಚಲೋ ಮಾಡೀ. ಇದನ್ನ ಡಾಕ್ಟರಿಗೆ ಒಯ್ಯೂಣು.”

ಎರಡು ದಿನದಲ್ಲಿ ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ತಲೆಯ ಸ್ಕ್ಯಾನ್ ಆಯಿತು. ಮಿದುಳಿನ ಬಲಭಾಗದ ಹಿಂದೆ, ಅದರ ಹೊದಿಕೆಗೆ ಅಂಟಿಕೊಂಡು ನೆಲ್ಲಿಕಾಯಿ ಗಾತ್ರದ ಗಂಟು ಬೆಳೆದಿತ್ತು. ಎಡಗಡೆಯ ನೋಟವನ್ನು ಗ್ರಹಿಸುವುದು ಆ ಜಾಗವೇ. ಗಂಟು ಅದನ್ನು ಒತ್ತುತ್ತಿತ್ತು. ಕ್ಯಾನ್ಸರ್ ಇದ್ದಂತಿಲ್ಲ, ತೆಗೆಯಬಹುದು ಎಂದರು ಶಸ್ತ್ರವೈದ್ಯರು. ಇನ್ನೊಂದು ವರ್ಷ ಕಾದಿದ್ದರೆ ಹೋದ ನೋಟ ಹಿಂತಿರುಗುವುದು ಕಷ್ಟವಿತ್ತು ಎಂದೂ ಹೇಳಿದರು. ಅವರು ಗ್ರಾಫನ್ನು ತಿರುಗಿಸಿ ತಿರುಗಿಸಿ ನೋಡಿ, “ಇದನ್ನ ಯಾವ ಲ್ಯಾಬಿನಾಗ ಮಾಡಿಸಿದ್ರಿ?” ಎಂದು ಕೇಳಿದಾಗ ಮಲ್ಲೇಶಪ್ಪ, “ಕುಸುಬಿ ಲ್ಯಾಬಿನಾಗ ರೀ,” ಎಂದರಂತೆ.

ಶಸ್ತ್ರಚಿಕಿತ್ಸೆ ಆರು ತಾಸು ನಡೆಯಿತು. ಇಮಾಮಸಾಬ ಅಂದು ಗಾದಿ ಕೆಲಸ ಬಿಟ್ಟು ಮಗಳ ಜೊತೆ ಆಸ್ಪತ್ರೆಗೆ ಬಂದು, ಮಲ್ಲೇಶಪ್ಪನವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಇಬ್ಬರೂ ಅದಕ್ಕೆ ಮೊದಲು ಒಬ್ಬರನ್ನೊಬ್ಬರು ಕಂಡವರಲ್ಲ. ಆರು ತಾಸೂ ಹತ್ತಿಯ ತಳಿಗಳ ಬಗ್ಗೆ ಮಾತಾಡಿದರು. ವೈದ್ಯರು ಹೊರಗೆ ಬಂದು ಎಲ್ಲ ಸುಸೂತ್ರವಾಯಿತೆಂದಾಗ ಇಮಾಮಸಾಬನ ಕೈ ಮಲ್ಲೇಶಪ್ಪನವರ ಕೈಯಲ್ಲಿತ್ತು.

ಮೂರು ತಿಂಗಳು ಗಿರಿಜಾ ಮೇಡಂ ಓದುವಂತಿರಲಿಲ್ಲ. ಗೈಡ್ ಬದಲಾಯಿಸಿಕೊಂಡು ಸಮಯಕ್ಕೆ ಸಲ್ಲಿಸಿಬಿಡು ಎಂದು ವಿಭಾಗದವರು ಹಸೀನಾಳಿಗೆ ಹೇಳಿದರು. ಅವಳು ಆರು ತಿಂಗಳ ಅವಧಿ ಕೇಳಿ ಅರ್ಜಿ ಬರೆದಳು. ಕುಲಪತಿಗಳು ಸಹಿ ಹಾಕಿದರು. ಅದೇ ಹೊತ್ತಿಗೆ ವಿಶ್ವವಿದ್ಯಾಲಯ ಒಂದು ನಿಯಮ ಬದಲಿಸಿತು: ಓದಿನ ನಕ್ಷೆ ಇನ್ನು ಮೊದಲು ಓದಿದವರ ಕೈಗೆ, ಅವರು ಒಪ್ಪಿದ ಮೇಲೆ ಬರೆದವರ ಕೈಗೆ. ಒಬ್ಬರ ಓದಿನಲ್ಲಿ ಅವರ ದೇಹದ ಗುಟ್ಟೂ ಇರುತ್ತದೆಂದು ಎಲ್ಲರಿಗೂ ಈಗ ತಿಳಿದಿತ್ತು.

ದಿನಾ ಸಂಜೆ ಐದಕ್ಕೆ ಹಸೀನಾ ಮೇಡಂ ಮನೆಗೆ ಹೋಗಿ ಪ್ರಬಂಧವನ್ನು ಗಟ್ಟಿಯಾಗಿ ಓದತೊಡಗಿದಳು. ಗಿರಿಜಾ ಮೇಡಂ ತಲೆಗೆ ಬಟ್ಟೆ ಕಟ್ಟಿಕೊಂಡು, ಕಣ್ಣು ಮುಚ್ಚಿ ಆರಾಮ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ಎಲ್ಲೋ ಒಂದು ಕಡೆ ಕೈ ಎತ್ತುತ್ತಿದ್ದರು. “ಈ ವಾಕ್ಯ ಓದವರಿಗಲ್ಲ, ನಿನ್ನ ಸಲುವಾಗಿ ಬರಕೊಂಡೀ. ತಗಿ.” ಇನ್ನೊಂದು ಕಡೆ, “ಇದು ಚಲೋ ಬಂದದ. ಮತ್ತೊಮ್ಮೆ ಓದು, ಕೇಳೂಣು.” ಯಾವ ಬಣ್ಣವೂ ಹಸೀನಾಳಿಗೆ ಇಷ್ಟನ್ನು ತಿಳಿಸಿರಲಿಲ್ಲ.

ಎರಡನೆಯ ವಾರ ಮೂರನೆಯ ಅಧ್ಯಾಯದ ನಡುವೆ ಕೈ ಮೇಲೆದ್ದಿತು.

“ನಿಲ್ಲು. ‘ಗೋಡೆಯ ಪಕ್ಕದ ಸಾಲಿನ ಕುಂಡದ ಗಿಡಗಳು’ ಅಂತ ಮೂರನೇ ಸಲ ಓದಿದಿ. ಆ ಗೋಡಿ ಯಾವ ದಿಕ್ಕಿಗದ?”

“ಪಡುವಣಕ್ಕ ಐತ್ರಿ.”

“ಅಂದಮ್ಯಾಲ ಮಧ್ಯಾಹ್ನ ಮೂರಕ್ಕೇ ಅವಕ್ಕ ನೆರಳು ಬೀಳತದ. ಅಲ್ಲಿದ್ದದ್ದೆಲ್ಲ ಒಂದೇ ತಳಿ, ಹೌದಲ್ಲೋ? ಅದರ ಬೇರು ಆಳಕ್ಕ ಇಳಿಯದ್ದು ತಳೀ ಗುಣ ಅಂತ ಬರದೀ. ನೆರಳಿನ ಗುಣ ಇದ್ರ?”

ಹಸೀನಾ ಹಿಂದಿನ ಪುಟಗಳನ್ನು ತಿರುವಿ ನೋಡಿದಳು. ನಾಲ್ಕು ಸಲ ಬಿಚ್ಚಿ ಬರೆದಿದ್ದಳು; ಇದು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. ಪರೀಕ್ಷಕರ ಕಣ್ಣಿಗೆ ಬಿದ್ದಿದ್ದರೆ ಪ್ರಬಂಧವೇ ಬಿದ್ದುಹೋಗುತ್ತಿತ್ತು.

ಅವಳು ಗಿಡಗಳನ್ನು ಮತ್ತೆ ಬೆಳೆಸಿದಳು, ಈ ಸಲ ಕುಂಡಗಳ ಜಾಗವನ್ನು ದಿನಾ ಬದಲಿಸುತ್ತ. ಅರವತ್ತು ದಿನದ ಮೇಲೆ ಬೇರು ತೊಳೆದು ಅಳೆದಾಗ, ಅವಳು ಹೇಳಿದ್ದರಲ್ಲಿ ಅರ್ಧ ಸುಳ್ಳಾಯಿತು. ಉಳಿದ ಅರ್ಧಕ್ಕೆ ಮೊದಲಿಗಿಂತ ಗಟ್ಟಿ ಆಧಾರ ಸಿಕ್ಕಿತು. ಸುಳ್ಳಾದದ್ದನ್ನೂ ಅವಳು ಮುಚ್ಚಿಡದೆ ಅಧ್ಯಾಯದಲ್ಲಿ ಬರೆದಳು.

ಗಿರಿಜಾ ಮೇಡಂ ನೋಟ ನಿಧಾನವಾಗಿ ಮರಳಿತು. ಎಡಗಡೆ ಕೆಳಮೂಲೆಯಲ್ಲಿ ಒಂದು ಚೂರು ಮಾತ್ರ ಕಾಣದೆ ಉಳಿದೇ ಬಿಟ್ಟಿತು. ಅದು ಇನ್ನು ಬರಲಾರದು ಎಂದರು ವೈದ್ಯರು. ಓದಲು ಅಪ್ಪಣೆ ಸಿಕ್ಕಿದ ದಿನ ಹಸೀನಾ ಪ್ರಬಂಧಕ್ಕೆ ಕೊನೆಯದಾಗಿ ಬರೆದಿದ್ದ ಕೃತಜ್ಞತೆಯ ಪುಟವನ್ನು ತಂದಳು. ಓದು ಕೇಂದ್ರದಿಂದ ಕನ್ನಡಕವನ್ನೂ ತಂದಿದ್ದಳು.

“ಕನ್ನಡಕ ಇರಲಿ ಬಿಡು,” ಎಂದರು ಗಿರಿಜಾ ಮೇಡಂ. “ನೀ ಎದುರಿಗೇ ಕೂತೀಯಲ್ಲ.”

ಅವರು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಾಲಿನಿಂದ ಸಾಲಿಗೆ ಇಳಿಯುತ್ತ ಓದಿದರು. ಎರಡನೆಯ ಪ್ಯಾರಾದಲ್ಲಿ ಪೆನ್ನು ತೆಗೆದು ‘ಮಹಾನ್’ ಎಂಬ ಪದವನ್ನು ಹೊಡೆದುಹಾಕಿದರು. ಒಂದು ಅಲ್ಪವಿರಾಮ ಸೇರಿಸಿದರು. ಅವರ ಮೂವತ್ತೊಂದು ತಾಸಿನ ಓದಿನ ಬಗ್ಗೆ ಇದ್ದ ಕೊನೆಯ ಪ್ಯಾರಾಕ್ಕೆ ಬಂದಾಗ ಪೆನ್ನು ನಿಂತಿತು.

“ಈ ಕಡೀ ಪ್ಯಾರಾ ಉದ್ದ ಆಗೇದ,” ಎಂದರು ಕೊನೆಗೆ.

ಹಸೀನಾ ಕೈ ಚಾಚಿದಳು. “ಕೊಡ್ರಿ ಮೇಡಂ, ಕಡಿಮಿ ಮಾಡ್ತೀನಿ.”

ಗಿರಿಜಾ ಮೇಡಂ ಪುಟವನ್ನು ಕೊಡಲಿಲ್ಲ. ಕಣ್ಣೊರೆಸಿಕೊಂಡು, “ಬ್ಯಾಡ. ಇರಲಿ,” ಎಂದರು.